ಸೂತಕದ ಮನೆಯಿಂದ ಹೊರಟ ಬುದ್ಧ

ಅಕ್ಕಲಕೋಟದ ನಮ್ಮ ಅಂಗಳದಲ್ಲಿ ನನ್ನ ಗಂಡ ಕೊನೆಯದಾಗಿ ಕೆತ್ತಿದ್ದು ಕರಜಗಿ ಎಂಬ ಹಳ್ಳಿಯವರ ಬುದ್ಧ. ಅಲ್ಲಿನ ಊರ ಹೊರಗಿನ ಕೇರಿಯವರು ಬೌದ್ಧರಾಗಿ ಹಲವು ವರ್ಷಗಳಾಗಿದ್ದವು. ಕರಿಕಲ್ಲನ್ನು ಅವರೇ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರು. ಬಲಗೈಯ ಬೆರಳು ನೆಲ ಮುಟ್ಟಿರಬೇಕು ಎಂದು ಹೇಳಿಹೋಗಿದ್ದರು. ಅದೇಕೆ ಎಂದು ಕೇಳಿದಾಗ ಗಂಡ, “ನಿನ್ನ ತಪಸ್ಸಿಗೆ ಯಾರು ಸಾಕ್ಷಿ ಅಂತ ಕೇಳಿದ್ರಂತ. ಈ ನೆಲಾನ ಸಾಕ್ಷಿ ಅಂದಾನಂತ,” ಎಂದಿದ್ದರು.

ದೊಡ್ಡ ಬರ ಹೋದ ಮರುವರ್ಷ ಜ್ವರ ಬಂದು ಅವರು ತೀರಿಕೊಂಡರು.

ಸೊಲ್ಲಾಪುರದಲ್ಲಿ ಮೂರ್ತಿಗಳ ಅಂಗಡಿ ಇಟ್ಟಿದ್ದ ಭಾವ, ಗಂಡನ ಅಣ್ಣ, ಮಣ್ಣಿಗೆ ಬಂದವರು ಮನೆಯಲ್ಲೇ ಉಳಿದರು. ನನ್ನ ಮುಖ ನೋಡಲಿಲ್ಲ. ಮೂರ್ತಿಯನ್ನು ಸುತ್ತು ಹಾಕಿ ನೋಡಿದರು.

“ಕಣ್ಣು ತೆರದಿಲ್ಲ. ಅರ್ಧಾ ಕೆಲಸ.”

“ಅದು ಹಂಗ ಇರೂದ್ರಿ. ಕಣ್ಣು ಇಳಿಸಿ ಒಳಗ ನೋಡಾಕತ್ತಾನ ಅಂತಿದ್ರು ಇವರು.”

“ನಿನಗ ಯಾರು ಕೇಳ್ಯಾರ? ನೆತ್ತಿ ಮ್ಯಾಲಿನ ಗಂಟು ಹೊಡದು, ಕೈಯಾಗ ಜಪಮಾಲಿ ಕೊರದ್ರ ಯಾವದಾರೆ ಸ್ವಾಮಿ ಆಗತಾನ. ಯಾತ್ರಿ ಮಂದಿ ಒಯ್ತಾರ. ನಮ್ಮ ದೇವರನ ಬಿಟ್ಟು ಹೋದವರ ಕೇರಿಗೆ ನಮ್ಮನಿ ಮೂರ್ತಿ ಹೋಗೂದಿಲ್ಲ.”

ಸೂತಕ ಕಳೆಯುವವರೆಗೆ ನಮ್ಮಲ್ಲಿ ಯಾರೂ ಉಳಿ ಹಿಡಿಯುವಂತಿಲ್ಲ. ಭಾವ ಅದಕ್ಕಾಗಿ ಮಾತ್ರ ಕಾಯುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಕರಜಗಿ ಬಸ್ಸಿಗೆ ಹೊರಟಿದ್ದ ನೆರೆಮನೆಯವಳ ಕೈಯಲ್ಲಿ ನಾನು ಹೇಳಿಕಳಿಸಿದೆ: ಇದ್ದ ಹಾಗೇ ಬಂದು ಒಯ್ಯಿರಿ.

ಮರುದಿನವೇ ಗಾಡಿ ಬಂತು. ಕೇರಿಯ ಹಿರಿಯರೊಬ್ಬರು ಅಂಗಳದ ಹೊರಗೇ ನಿಂತು ಕೈ ಮುಗಿದರು. ಭಾವ ಅಡ್ಡ ನಿಂತರು.

“ಸೂತಕದ ಮನ್ಯಾಗಿಂದ ಮೂರ್ತಿ ಎತ್ತತೀರೇನ? ಏನಾರ ತಿಳೀತದ ನಿಮಗ?”

“ನಮ್ಮಾಂವ ಹೆಣಾ ಕಂಡ ಮ್ಯಾಲೆ ಮನಿ ಬಿಟ್ಟಾಂವ ರೀ ಸಾವುಕಾರ್ರ,” ಎಂದರು ಹಿರಿಯರು. “ಅಂವಗ ಎಲ್ಲೀ ಸೂತಕ?”

ನಾನು ಒಳಬಾಗಿಲಿನಿಂದ ಹೇಳಿದೆ: “ಕಣ್ಣು ತೆರದಿಲ್ಲ ಅಂದವರು ನೀವ ಅಲ್ರಿ ಭಾವನವರ? ಹಂಗಾರ ಅದಿನ್ನೂ ಕಲ್ಲು. ಕಲ್ಲು ಅವರದು.”

ಸೂತಕದಲ್ಲಿದ್ದ ಭಾವ ತಾವು ಮೂರ್ತಿಯನ್ನು ಮುಟ್ಟುವಂತಿರಲಿಲ್ಲ; ಆ ಜನರನ್ನು ಮುಟ್ಟಿ ತಡೆಯಲು ಅವರಿಗೆ ಮನಸ್ಸಿರಲಿಲ್ಲ. ಪಕ್ಕಕ್ಕೆ ಸರಿದರು. ಗಾಡಿ ತಿರುವು ದಾಟಿದ ಮೇಲೆ, “ನನ್ನ ತಮ್ಮನ್ನ ತಿಂದಿ, ಈಗ ಅವನ ಕೈಕೆಲಸಾನೂ ತಿಂದಿ,” ಎಂದರು.

ಸೂತಕ ಕಳೆದ ದಿನ ಗಂಡನ ಉಳಿಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಸೊಲ್ಲಾಪುರದ ಬಸ್ಸು ಹತ್ತಿದರು. ನೆನಪಿಗೆಂದು ಒಂದನ್ನೂ ಬಿಡಲಿಲ್ಲ. ಅವರ ಮನೆಯ ನೀರನ್ನು ನಾನು ಮತ್ತೆ ಕುಡಿಯಲಿಲ್ಲ.

ದೀಪಾವಳಿ ಮುಗಿದ ಮೇಲೆ ಕರಜಗಿಗೆ ಹೋದೆ. ಬುದ್ಧನಿಗೆ ಹಳದಿ ಎಣ್ಣೆಬಣ್ಣ ಹೊಡೆದಿದ್ದರು. ಗಂಡನ ಉಳಿಯ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗಿದ್ದವು.

“ಚಂದ ಆಗ್ಯಾನಲ್ಲ ತಾಯಿ?” ಎಂದರು ಹಿರಿಯರು.

“ಇಲ್ರಿ,” ಎಂದೆ.

ಮೂರ್ತಿಯನ್ನು ಗೋಡೆಗೆ ತಾಗಿಸಿ ಕೂರಿಸಿದ್ದರಿಂದ ಬೆನ್ನಿಗೆ ಕುಂಚ ಹೋಗಿರಲಿಲ್ಲ. ಸಂದಿಯಲ್ಲಿ ಕೈ ತೂರಿಸಿದೆ. ಅಲ್ಲಿ ಕಲ್ಲು ಇನ್ನೂ ಒರಟಾಗಿತ್ತು.