ಹತ್ತು ಸಾವಿರ ದಾಟದ ಕಾರು

ಯಲಹಂಕದ ಹಳೇ ಬಡಾವಣೆಯಲ್ಲಿ ಗುಂಡಣ್ಣನವರ ಮನೆ ಯಾವುದೆಂದು ಕೇಳಿದರೆ, ಬೆಡ್‌ಶೀಟ್ ಹೊದ್ದ ಕಾರಿರುವ ಮನೆ ಎನ್ನುತ್ತಾರೆ. ಆ ಕಾರಿನ ಬಣ್ಣ ಅಕ್ಕಪಕ್ಕದವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವರ ಮಹಡಿಯಲ್ಲಿ ನಾಲ್ಕು ವರ್ಷದಿಂದ ಬಾಡಿಗೆಗಿರುವ ನನಗೆ ಗೊತ್ತು: ಬಿಳಿ. ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವರು ಬೆಡ್‌ಶೀಟ್ ತೆಗೆದು ಮಡಚಿ, ಎಂಜಿನ್ ಚಾಲೂ ಮಾಡಿ, ಗೇಟಿನವರೆಗೆ ಮುಂದಕ್ಕೆ ಬಂದು ಮತ್ತೆ ಹಿಂದಕ್ಕೆ ಹೋಗುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ‘ಗಾಡಿಗೆ ವಾಕಿಂಗ್’.

ಯಶವಂತಪುರದ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಅವರು ಮೂವತ್ತೊಂದು ವರ್ಷ ಇದ್ದರು. ಯಾರಾದರೂ ಬೋಲ್ಟ್ ಕೇಳಲು ಬಂದರೆ, ಹಳೇ ಬೋಲ್ಟಿಗೆ ಏನಾಗಿದೆ ಎಂದು ವಿಚಾರಿಸಿ ವಾಪಸ್ ಕಳಿಸುತ್ತಿದ್ದರಂತೆ. ಅವರು ನಿವೃತ್ತರಾದ ದಿನ ಕಪಾಟಿನಲ್ಲಿ ಸುತ್ತಿದ ಕಾಗದವನ್ನೂ ಬಿಚ್ಚದ ಬಿಡಿಭಾಗಗಳಿದ್ದವು. ಅವು ಸೇರಬೇಕಿದ್ದ ಯಂತ್ರಗಳು ಗುಜರಿಗೆ ಹೋಗಿ ಆರು ವರ್ಷವಾಗಿತ್ತು. ಈ ಕಥೆಯನ್ನು ಅವರು ತುಂಬ ಹೆಮ್ಮೆಯಿಂದ ಹೇಳುತ್ತಾರೆ. ನಾನೂ ಮೊದಮೊದಲು ಮೆಚ್ಚಿಯೇ ಕೇಳಿದೆ.

ಕಾರಿಗೂ ಅದೇ ನ್ಯಾಯ. ಕೊಂಡ ಹೊಸದರಲ್ಲಿ ಧರ್ಮಸ್ಥಳ, ತಿರುಪತಿ ಎಂದು ಒಂಬತ್ತೂವರೆ ಸಾವಿರ ಕಿಲೋಮೀಟರ್ ಓಡಿಸಿಬಿಟ್ಟಿದ್ದರು. ಐವತ್ತೇಳನೇ ವಯಸ್ಸಿನಲ್ಲಿ ಮಾಡಿದ ಆ ಕೆಲಸವನ್ನು ಅವರು ಹುಡುಗಾಟಿಕೆ ಎಂದೇ ನೆನೆಯುತ್ತಾರೆ. ಆಮೇಲೆ ಎಚ್ಚೆತ್ತುಕೊಂಡರು. ಮದುವೆಮನೆಗಳಿಗೆ ಆಟೋದಲ್ಲಿ ಹೋದರು. ರೈಲಿಗೆ ನಾಲ್ಕು ಬ್ಯಾಗು ಹೊತ್ತು ಸಿಟಿ ಬಸ್ಸಿನಲ್ಲಿ ಹೋದರು. ಬಾತ್‌ರೂಮಿನಲ್ಲಿ ಜಾರಿ ಕಾಲು ಮುರಿದಾಗಲೂ, ಕಾರಿನ ಪಕ್ಕದಲ್ಲೇ ಕುಂಟುತ್ತ ಹಾದು ರಸ್ತೆಗೆ ಬಂದು ಆಟೋ ಕೂಗಿದರು.

ಅವರ ಹೆಂಡತಿ ಸತ್ಯವತಿಯವರಿಗೆ ದೊಡ್ಡಬಳ್ಳಾಪುರದಲ್ಲಿ ಜ್ಯೋತಿಲಕ್ಷ್ಮಿ ಎಂಬ ಅಕ್ಕ ಇದ್ದಾರೆ. ಅಕ್ಕ ಮನೆ ಕಟ್ಟಿಸಿ ಹತ್ತು ವರ್ಷವಾಯಿತು. ಸತ್ಯವತಿ ವರ್ಷಕ್ಕೆ ಎರಡು ಸಲ ಬಸ್ಸಿನಲ್ಲಿ ಹೋಗಿ, ನಿಲ್ದಾಣದಿಂದ ಬೆವರು ಒರೆಸಿಕೊಳ್ಳುತ್ತ ನಡೆದು ಹೋಗುತ್ತಾರೆ. ಅಕ್ಕ ಪ್ರತಿ ಸಲವೂ ಕೇಳುವುದು ಒಂದೇ: “ಯಾಕೆ, ನಿಮ್ ಕಾರಿಗೆ ಹುಷಾರಿಲ್ವಾ?”

ಕಳೆದ ತಿಂಗಳು ಗುಂಡಣ್ಣ ಕಾರು ಮಾರಲು ತೀರ್ಮಾನಿಸಿದರು. ಅದಕ್ಕೆ ಹದಿನೈದು ವರ್ಷ ತುಂಬಲು ನಾಲ್ಕು ತಿಂಗಳಿತ್ತು. ತುಂಬಿದರೆ ಮತ್ತೆ ಆರ್‌ಟಿಒ, ತಪಾಸಣೆ. ಮೀಟರಿನಲ್ಲಿ 9,968 ಇತ್ತು. “ಹತ್ತು ಸಾವಿರದ ಒಳಗೆ” ಎಂಬ ಮಾತೇ ಅವರ ಬಂಡವಾಳ. ಹುಣಸಮಾರನಹಳ್ಳಿ ಕಡೆಯ ಕಾಲೇಜಿನಲ್ಲಿ ಪಾಠ ಮಾಡುವ ನನಗೂ ಕಾರು ಬೇಕಿತ್ತು. ಒಂದು ಹಾಳೆಯಲ್ಲಿ ವಯಸ್ಸು ಒಂದು ಕಡೆ, ಓಟ ಇನ್ನೊಂದು ಕಡೆ ಬರೆದು ಹೋಲಿಸುತ್ತ ಕುಳಿತೆ. ನಮ್ಮೂರಿನಲ್ಲಿ ಟ್ರ್ಯಾಕ್ಟರ್ ವಾರಗಟ್ಟಲೆ ನಿಂತಿದೆ ಎಂದರೆ ಕೆಟ್ಟಿದೆ ಎಂದೇ ಅರ್ಥ. ಇಲ್ಲಿ ಅದೇ ದೊಡ್ಡ ಗುಣವಾಗಿರುವುದು ನನ್ನನ್ನು ಗೊಂದಲಕ್ಕೆ ಹಾಕಿತು. ಆರ್.ಟಿ. ನಗರದ ಮೆಕ್ಯಾನಿಕ್ ಜಿಯಾವುಲ್ಲಾ ಅವರನ್ನು ಕರೆಸಿದೆ.

ಜಿಯಾವುಲ್ಲಾ ಬಂದದ್ದು ತಮ್ಮ ಸ್ವಂತ ಕಾರಿನಲ್ಲಿ. ಅದಕ್ಕೆ ಆರು ವರ್ಷ, ಓಡಿದ್ದು ಒಂದು ಲಕ್ಷದ ಅರವತ್ತು ಸಾವಿರ, ಬಹುಪಾಲು ಏರ್‌ಪೋರ್ಟ್ ರಸ್ತೆಯಲ್ಲಿ. ಗುಂಡಣ್ಣ ಅದನ್ನು ಸಂತೆಯಿಂದ ಬಂದವರನ್ನು ನೋಡುವಂತೆ ನೋಡಿದರು.

ಜಿಯಾವುಲ್ಲಾ ಬಾನೆಟ್ ಎತ್ತಿ, ರಬ್ಬರ್ ಪೈಪೊಂದನ್ನು ಹಿಸುಕಿದರು. “ಗುಂಡಣ್ಣ ಸಾಬ್, ಎಂಜಿನ್ ಮದುಮಗಳ ಥರ ಇದೆ. ಆದ್ರೆ ರಬ್ಬರ್ ಎಲ್ಲಾ ಹಪ್ಪಳ ಆಗಿದೆ.”

“ಓಡ್ಸೇ ಇಲ್ವಲ್ರೀ, ಸವೆಯೋದು ಹೆಂಗೆ?”

“ಓಡಿದ್ರೆ ಸವೆಯುತ್ತೆ ಸಾಬ್, ನಿಂತ್ರೆ ಒಣಗುತ್ತೆ. ಹೈವೇನಲ್ಲಿ ಓಡಿಸ್ದೆ ನಾನ್ ಏನೂ ಹೇಳಕ್ಕಾಗಲ್ಲ.”

ಗುಂಡಣ್ಣ ಬೆರಳು ಮಡಚಿ ಲೆಕ್ಕ ಹಾಕಿದರು. ಹತ್ತು ಸಾವಿರಕ್ಕೆ ಉಳಿದಿದ್ದು ಮೂವತ್ತೆರಡು. ರಾಜಾನುಕುಂಟೆಗೆ ಹೋಗಿ ಬಂದರೆ ಹದಿನಾರು. “ರಾಜಾನುಕುಂಟೆ. ಅದ್ರಾಚೆ ಒಂದ್ ಗಾಲಿನೂ ಹೋಗಂಗಿಲ್ಲ. ಓಡ್ಸೋದು ನಾನೇ.”

“ಸರಿ, ನಾನ್ ನನ್ ಗಾಡೀಲಿ ಹಿಂದ್ಗಡೆ ಬರ್ತೀನಿ. ಹೊಗೆ ಬಣ್ಣ ಹಿಂದಿಂದಾನೇ ಕಾಣೋದು.”

ಅಷ್ಟರಲ್ಲಿ ಸತ್ಯವತಿ ರೇಷ್ಮೆ ಸೀರೆ ಉಟ್ಟು, ಬಾಳೆಹಣ್ಣಿನ ಚೀಲ ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕುಳಿತರು.

“ನೀನ್ ಎಲ್ಲಿಗೇ?”

“ದೊಡ್ಡಬಳ್ಳಾಪುರ ರೋಡ್ ತಾನೇ? ಮಾರೋಕ್ ಮುಂಚೆ ಒಂದೇ ಒಂದ್ಸಲ ಅಕ್ಕನ ಮನೆ ಮುಂದೆ ನಮ್ ಕಾರಿಂದ ಇಳೀಬೇಕು ರೀ.”

“ಹತ್ತು ಸಾವಿರ ದಾಟುತ್ತೆ ಕಣೇ!”

“ದಾಟ್ಲಿ. ನಂಗೆ ಅರವತ್ತಾರು ದಾಟಿಲ್ವಾ?”

ಗುಂಡಣ್ಣ ಎಂಜಿನ್ ಚಾಲೂ ಮಾಡಿದರು. ನಾನು ಮುಂದೆ ಕುಳಿತೆ. ಸೀಟಿನ ಪ್ಲಾಸ್ಟಿಕ್ ಹದಿನಾಲ್ಕು ವರ್ಷದ್ದು. ಉಸಿರಾಡಿದರೂ ಪರಪರ ಎನ್ನುತ್ತಿತ್ತು. ಗುಂಡಣ್ಣ ರಸ್ತೆ ನೋಡಿದ್ದಕ್ಕಿಂತ ಮೀಟರ್ ನೋಡಿದ್ದೇ ಹೆಚ್ಚು. ಅಂಕಿ ಬದಲಾದಾಗಲೆಲ್ಲ ಹಲ್ಲು ನೋವಿನವರಂತೆ ಮುಖ ಮಾಡುತ್ತಿದ್ದರು.

ರಾಜಾನುಕುಂಟೆ ಬಂತು. ವಾಪಸ್ ತಿರುಗಲು ಅವರು ಕಾರು ನಿಧಾನಿಸಿದ ಕ್ಷಣದಲ್ಲೇ ಬಾನೆಟ್ಟಿನ ಒಳಗೆ ‘ಟಪ್’ ಎಂದಿತು. ಇಡ್ಲಿ ಪಾತ್ರೆಯಿಂದ ಬಂದಂತೆ ಹಬೆ ಎದ್ದಿತು. ಹಿಂದೆ ಬಂದು ನಿಂತ ಜಿಯಾವುಲ್ಲಾ, ಸೀಳಿದ ಪೈಪನ್ನು ಕಿತ್ತು ತೋರಿಸಿದರು. ಅವರು ಬೆಳಿಗ್ಗೆ ಹಿಸುಕಿದ್ದ ಪೈಪೇ ಅದು.

“ನೋಡಿ ಸಾಬ್. ಇದು ಕಿಲೋಮೀಟರ್ ಎಣ್ಸಿಲ್ಲ, ವರ್ಷ ಎಣ್ಸಿದೆ. ಹಗ್ಗ ಕಟ್ಟಿ ಎಳ್ಕೊಂಡು ಹೋಗ್ಬೇಕು ಅಷ್ಟೆ.”

ಗುಂಡಣ್ಣ ಕಳವಳದಿಂದ ಕೇಳಿದ ಪ್ರಶ್ನೆ ಖರ್ಚಿನ ಬಗ್ಗೆ ಅಲ್ಲ. “ಎಳೆಯುವಾಗ ಮೀಟರ್ ಓಡುತ್ತಾ?”

“ಸ್ಟೀರಿಂಗ್ ಲಾಕ್ ಬಿಡೋ ಅಷ್ಟೇ ಕೀಲಿ ತಿರುಗ್ಸಿ. ಮೀಟರ್ ಮಲಗಿರುತ್ತೆ.”

ಅವರ ಮುಖ ಅರಳಿತು. ಒಂದು ಲಕ್ಷದ ಅರವತ್ತು ಸಾವಿರ ಓಡಿದ ಕಾರಿಗೆ ಒಂಬತ್ತು ಸಾವಿರ ಚಿಲ್ಲರೆ ಓಡಿದ ಕಾರನ್ನು ಹಗ್ಗದಿಂದ ಕಟ್ಟಿದರು. ಸತ್ಯವತಿ ಬಾಳೆಹಣ್ಣಿನ ಚೀಲ ಎತ್ತಿಕೊಂಡು ಜಿಯಾವುಲ್ಲಾರ ಕಾರಿನಲ್ಲಿ ಹೋಗಿ ಕುಳಿತರು. ನಾನು ಗುಂಡಣ್ಣನವರ ಪಕ್ಕದಲ್ಲೇ ಉಳಿದೆ.

ಸ್ವಲ್ಪ ದೂರ ಹೋದ ಮೇಲೆ ಗುಂಡಣ್ಣ ಸೀಟಿನಿಂದ ಅರ್ಧ ಎದ್ದರು. “ಮೇಷ್ಟ್ರೇ, ಇವ್ನು ತಿರುಗ್ಸಿಲ್ವಲ್ರೀ! ಬಳ್ಳಾಪುರದ ಕಡೆ ಹೋಗ್ತಿದ್ದಾನೆ!”

“ಹಾರ್ನ್ ಮಾಡಿ ಸಾರ್.”

ಅವರು ಹಾರ್ನಿನ ಮೇಲೆ ಕೈಯಿಟ್ಟು ತೆಗೆದರು. “ಅದೂ ಹೊಸದಾಗೇ ಇದೆ, ಪಾಪ.”

ಮುಂದಿನ ಕಾರಿನಲ್ಲಿ ನಡೆದದ್ದನ್ನು ಜಿಯಾವುಲ್ಲಾ ಆಮೇಲೆ ಹೇಳಿದರು. ಸತ್ಯವತಿ ಅವರಿಗೆ ಒಂದು ಬಾಳೆಹಣ್ಣು ಕೊಟ್ಟು, “ತಿರುಗಿಸ್ಬೇಡಿ ಅಣ್ಣಾ, ನೇರ ಹೋಗಿ. ಪೈಪು ಅಲ್ಲೂ ಸಿಗುತ್ತೆ. ಎಳೀತಿರೋದು ನೀವು, ಅವ್ರೇನ್ ಮಾಡ್ತಾರೆ?” ಎಂದರಂತೆ.

ಹನ್ನೆರಡು ಕಿಲೋಮೀಟರ್ ದೂರ ಗುಂಡಣ್ಣ ಹೆಂಡತಿಯ ಹಿಂದೆ ಹಗ್ಗದಲ್ಲಿ ಹೋದರು. ಮೊದಲು ಗೊಣಗಿದರು. ಆಮೇಲೆ ಕತ್ತಲಾಗಿದ್ದ ಮೀಟರ್ ನೋಡಿ ಸಮಾಧಾನ ಮಾಡಿಕೊಂಡರು. ದೊಡ್ಡಬಳ್ಳಾಪುರ ಹತ್ತಿರವಾದಂತೆ ಕಿಟಕಿ ಇಳಿಸಿ ಮೊಣಕೈ ಹೊರಗಿಟ್ಟರು. “ಗಾಡಿ ಎಷ್ಟ್ ಸ್ಮೂತಾಗಿದೆ ನೋಡಿ. ಸದ್ದೇ ಇಲ್ಲ,” ಎಂದರು. ಎಂಜಿನ್ ಆರಿಸಿದ ಕಾರಿನ ಬಗ್ಗೆ ಅವರು ಹೇಳಿದ್ದು ಸುಳ್ಳೇನಲ್ಲ.

ಅಕ್ಕನ ಮನೆಗೆ ಐವತ್ತು ಹೆಜ್ಜೆ ಇದೆ ಎನ್ನುವಾಗ ಮುಂದಿನ ಕಾರು ನಿಂತಿತು. ಸತ್ಯವತಿ ಇಳಿದು, ನೆರಿಗೆ ಸರಿಪಡಿಸಿಕೊಂಡು ನಮ್ಮ ಕಡೆ ಬಂದರು.

“ಮೇಷ್ಟ್ರೇ, ಬೇಜಾರಾಗ್ಬೇಡಿ. ಇಲ್ಲಿಂದ ನೀವು ನಡ್ಕೊಂಡ್ ಬನ್ನಿ.”

ನಾನು ಇಳಿದೆ. ಅವರು ಹಿಂದಿನ ಸೀಟಿನಲ್ಲಿ ಬೆನ್ನು ನೇರ ಮಾಡಿ ಕುಳಿತರು. ಹಗ್ಗ ಬಿಗಿಯಾಯಿತು. ಬಿಳಿ ಕಾರು ಗೇಟಿನ ಮುಂದೆ ನಿಂತಾಗ ಜ್ಯೋತಿಲಕ್ಷ್ಮಿ ಒದ್ದೆ ಕೈ ಸೆರಗಿಗೆ ಒರೆಸುತ್ತ ಓಡಿ ಬಂದರು.

“ಅಯ್ಯೋ ಸತ್ಯಾ, ಕಾರಲ್ಲಿ ಬಂದ್ಯೇನೇ?”

“ಇನ್ನೇನ್ ಮತ್ತೆ, ನಡ್ಕೊಂಡ್ ಬರ್ತಾರಾ?” ಎನ್ನುತ್ತ ಸತ್ಯವತಿ ಬಾಗಿಲು ತೆರೆದು, ಒಂದು ಕಾಲು ನೆಲಕ್ಕಿಟ್ಟು, ಅಕ್ಕ ಚೆನ್ನಾಗಿ ನೋಡುವಷ್ಟು ಹೊತ್ತು ಹಾಗೇ ಇದ್ದು, ಇಳಿದರು. ಹಗ್ಗದ ಬಗ್ಗೆ ಅಕ್ಕ ಕೇಳಲಿಲ್ಲ.

ಗುಂಡಣ್ಣ ಕೀಲಿಯನ್ನು ಇನ್ನೊಂದು ಸುತ್ತು ತಿರುಗಿಸಿ ನನ್ನನ್ನು ಕರೆದರು. “ಇಲ್ನೋಡಿ, 9,976! ರಾಜಾನುಕುಂಟೇಲಿ ಇದ್ದಿದ್ದೇ ಇದೆ. ಹಿಂಗಂತ ಗೊತ್ತಿದ್ರೆ ವರ್ಷಾ ವರ್ಷಾ ಕರ್ಕೊಂಡ್ ಬರ್ತಿದ್ದೆ. ಏನಂತೀರಾ, ಗಾಡಿ ತಗೋತೀರಾ?”

ಸಂಜೆ ಹೇಳುತ್ತೇನೆ ಎಂದೆ. ಆಮೇಲೆ ಹಗ್ಗ ಬಿಚ್ಚಲು ಕೈ ಕೊಡುವ ನೆಪದಲ್ಲಿ ಜಿಯಾವುಲ್ಲಾರ ಹತ್ತಿರ ಹೋಗಿ, ಅವರ ಸ್ವಂತ ಕಾರನ್ನು ಮಾರುವ ಯೋಚನೆ ಇದೆಯೇ ಎಂದು ಮೆಲ್ಲಗೆ ಕೇಳಿದೆ.