ಗಣಿ ಬೂಟಿನ ಪಂದ್ಯ

ಆ ವರ್ಷ ನಮ್ಮ ಹೊಸಪೇಟೆ ಕಾಲೇಜಿನ ಫುಟ್‌ಬಾಲ್ ತಂಡ ಯಾವ ಲೀಗಿನಲ್ಲೂ ಇರಲಿಲ್ಲ. ಪಿ.ಟಿ. ಸರ್ ನಮ್ಮ ಹೆಸರು ಕಳಿಸುವುದನ್ನೇ ಮರೆತಿದ್ದರು. ಹಟಕ್ಕೆ ಬಿದ್ದ ನಾವು, ಯಾರು ಕರೆದರೂ ಹೋಗಿ ಆಡುವುದೆಂದು ತೀರ್ಮಾನಿಸಿದೆವು. ಕಂಪ್ಲಿಯಲ್ಲಿ ರೈಸ್ ಮಿಲ್ಲಿನವರ ಜೊತೆ ಆಡಿ ಎರಡು ಹಲ್ಲು ಕಳೆದುಕೊಂಡು ಬಂದೆವು. ಆಮೇಲೆ ಸಂಡೂರಿನ ಗಣಿ ಕಾರ್ಮಿಕರು ಕರೆದರು.

ಅವರು ಕೆಲಸದ ಬೂಟಿನಲ್ಲೇ ಮೈದಾನಕ್ಕಿಳಿದರು. ಆ ಬೂಟಿನ ಮೂತಿಯೊಳಗೆ ಉಕ್ಕಿನ ತಗಡು ಇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ನಮ್ಮ ಗೋಲ್‌ಕೀಪರನ ಮೊಣಕಾಲ ಚಿಪ್ಪು ಒಡೆಯಿತು. ಒಡೆದ ಸದ್ದು ನನಗೂ ಕೇಳಿಸಿತು. ಅವನು ಕೆಂಪು ಮಣ್ಣಿನಲ್ಲಿ ಹೊರಳಾಡುತ್ತಿದ್ದರೆ, ಸೀಟಿ ಹಿಡಿದಿದ್ದ ಅವರದೇ ಸೂಪರ್‌ವೈಸರ್ ವಾಚು ನೋಡುತ್ತಿದ್ದ.

"ಇದು ಫೌಲ್ ಅಲ್ಲೇನ್ರಿ?" ಎಂದೆ.

"ಯಾವ ಲೀಗಿನ ರೂಲ್ ಪ್ರಕಾರ?" ಎಂದ. "ಆಡೋದಾದ್ರ ಆಡ್ರಿ, ಇಲ್ಲಾಂದ್ರ ಬಸ್ ಹಿಡೀರಿ."

ಆಡಿದೆವು, ಸೋತೆವು. ಹೊರಡುವಾಗ ನಾನು ನಗುನಗುತ್ತಲೇ ಅವರನ್ನು ನಮ್ಮ ಮೈದಾನಕ್ಕೆ ಕರೆದೆ.

ಮುಂದಿನ ಭಾನುವಾರ ಅವರು ಬಂದರು, ಅದೇ ಬೂಟಿನಲ್ಲಿ. ನಾವೂ ಅಂಥವೇ ಬೂಟು ಹಾಕಿ ನಿಂತಿದ್ದೆವು. ಕುರೆಕುಪ್ಪದಲ್ಲಿ ಉಕ್ಕಿನ ಕಾರ್ಖಾನೆಗೆ ಹೋಗುವವರ ಮನೆಮನೆ ತಿರುಗಿ ಕೇಳಿ ತಂದಿದ್ದೆವು. ಈ ಸಲ ಸೀಟಿ ನನ್ನ ಅಣ್ಣನ ಕೈಯಲ್ಲಿತ್ತು.

"ನಾ ಏನ್ ಮಾಡ್ಬೇಕಲೇ?" ಎಂದು ಕೇಳಿದ್ದ.

"ಶುರುವಿಗೆ ಒಮ್ಮೆ ಊದು," ಎಂದಿದ್ದೆ. "ಆಮ್ಯಾಲ ಜೇಬಿನಾಗ ಇಟ್ಕೊ."

ಅಣ್ಣ ಹಾಗೇ ಮಾಡಿದ. ಪಂದ್ಯ ನಿಂತದ್ದು ಆಂಬುಲೆನ್ಸ್ ಎರಡನೇ ಸಲ ಬಂದಾಗ.