ಹೊಗೆಯ ಡ್ರಮ್ಮಿನ ಮುಚ್ಚಳ

ನನ್ನ ಹೆಂಡತಿ ಮಡಕೆ ಮಾಡುವ ಕ್ಲಾಸಿಗೆ ಸೇರಿ ಮಣ್ಣು ಹಿಡಿದದ್ದು ಅರವತ್ತರ ಹತ್ತಿರ ಬಂದಮೇಲೆ. ನನ್ನ ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ವಡೋದರಾಕ್ಕೆ ಬಂದವರು ನಾವು; ನಿವೃತ್ತಿಯ ನಂತರವೂ ಅಲ್ಲಿನ ಮಂಜಲ್‌ಪುರ ಬಡಾವಣೆಯಲ್ಲೇ ಉಳಿದೆವು. ಬೇವಿನ ಬೀಜದ ಆಕಾರದ, ಹುಣಸೆ ತೊಗಟೆ ಬಣ್ಣದ ಮಡಕೆಗಳನ್ನು ಅವಳು ಮಾಡುತ್ತಿದ್ದಳು. ನುಣುಪು ಕಲ್ಲಿನಿಂದ ದಿನಗಟ್ಟಲೆ ಉಜ್ಜಿ, ಕ್ಲಾಸಿನ ಗೂಡಿನಲ್ಲಿ ಒಮ್ಮೆ ಸುಟ್ಟು ತಂದು, ನಮ್ಮ ತಾರಸಿಯ ಮೇಲಿನ ಕಬ್ಬಿಣದ ಡ್ರಮ್ಮಿನಲ್ಲಿ ಮರದ ಹೊಟ್ಟು, ಬಾಳೆಸಿಪ್ಪೆಗಳ ನಡುವೆ ಹೂತು, ಬೆಂಕಿ ಹಚ್ಚಿ ಮುಚ್ಚಿಬಿಡುವಳು. ಒಂದು ದಿನವಿಡೀ ಒಳಗೇ ಹೊಗೆಯಾಡಿದರೆ ಮಡಕೆಯ ಮೈಮೇಲೆ ಕಪ್ಪು ಮೋಡಗಳು ಮೂಡುತ್ತಿದ್ದವು.

ಆ ಸಲ ಒಂಬತ್ತು ಮಡಕೆ ಇಟ್ಟು ಸೂರತ್ತಿನ ತಂಗಿಯ ಮನೆಗೆ ಹೊರಟಳು. "ರೀ, ನಾ ಬರೋತನಕ ಮುಚ್ಚಳ ಮುಟ್ಟಬ್ಯಾಡ್ರಿ."

ಮಧ್ಯಾಹ್ನ ಪಕ್ಕದ ತಾರಸಿಯಿಂದ ನೆರೆಯಾಕೆ ಕೂಗಿದಳು: "ಕಾಕಾ, ಧುಮಾಡೋ ಬಂದ್ ಕರೋ ನೆ!" ಹೊಗೆ ನಿಲ್ಲಿಸಿ ಅಂತ; ಅದು ಅವಳು ಒಣಹಾಕಿದ ಹಪ್ಪಳಕ್ಕೆ ಹತ್ತುತ್ತಿತ್ತು. ನಾಲ್ಕು ಜನರೆದುರು ಮಾತು ಕೇಳುವುದು ನನಗೆ ಯಾವತ್ತೂ ಆಗದು. ಹೊಗೆಯೆಲ್ಲ ಒಮ್ಮೆಲೇ ಹೋಗಿಬಿಡಲಿ ಎಂದು ಮುಚ್ಚಳ ತೆಗೆದೆ. ಗಾಳಿ ತಾಗಿದ್ದೇ ಉರಿ ಎದ್ದಿತು. ಒಳಗೆ ಟಪ್, ಟಪ್ ಎಂದಿತು. ಮುಚ್ಚಳ ಮತ್ತೆ ಹಾಕಿ ಕೆಳಗಿಳಿದು ಪೇಪರ್ ಹಿಡಿದು ಕುಳಿತೆ.

ಮರುದಿನ ಅವಳು ತೆರೆದಾಗ ಏಳು ಸೀಳಿದ್ದವು. "ಮಣ್ಣ ಹದಾನೇ ತಪ್ಪೇದ" ಎಂದಳು. ನಾನು "ಇರಬಹುದು" ಎಂದೆ.

ಆ ಒಂದು ಮಾತಿನ ಮೇಲೆ ಅವಳು ತಿಂಗಳುಗಟ್ಟಲೆ ಮಣ್ಣು ಜರಡಿ ಹಿಡಿದಳು, ಮರಳು ಬೆರೆಸಿದಳು. ಯಾವ ಹದವೂ ಸರಿಯೆನಿಸದೆ, ಕೊನೆಗೆ ಕೈಯೇ ಸೋತಿದೆ ಎಂದು ಡ್ರಮ್ಮು ಮುಟ್ಟುವುದನ್ನೇ ಬಿಟ್ಟಳು. ನಾನು ಎದುರಿಗೇ ಚಹಾ ಕುಡಿಯುತ್ತಿದ್ದೆ.

ಹೀಗೆ ಎರಡು ವರ್ಷವಾಯಿತು. ಕಳೆದ ವಾರ, ಉಳಿದ ಮಣ್ಣನ್ನು ಕ್ಲಾಸಿಗೆ ಕೊಟ್ಟುಬಿಡಲು ರಿಕ್ಷಾ ಕರೆಸಿದಳು. ಮೂಟೆ ಬಾಗಿಲಲ್ಲಿತ್ತು. ಆಗ ಹೇಳಿದೆ, ಅವತ್ತು ಮುಚ್ಚಳ ತೆಗೆದವನು ನಾನೇ ಎಂದು.

ಮೂಟೆಯ ಮೇಲಿನ ಕೈ ತೆಗೆದು ನನ್ನತ್ತ ತಿರುಗಿದಳು. "ಎರಡು ವರ್ಷ ನನ್ನ ಕೈಗೆ ನಾನೇ ಬೈಕೊಂಡೆ. ನೀವು ಕೇಳ್ಕೋತ ಕೂತಿದ್ರಿ?"

"ತಪ್ಪಾತು."

"ಬ್ಯಾಂಕಿನ ತಿಜೋರಿ ಕಾದವರಿಗೆ ಒಂದು ಡ್ರಮ್ಮು ಕಾಯಲಿಕ್ಕಾಗಲಿಲ್ಲ!"

ರಿಕ್ಷಾದವನನ್ನು ಅವಳೇ ಬರಿಗೈಲಿ ವಾಪಸ್ ಕಳಿಸಿದಳು. "ಮ್ಯಾಲೆ ಒಯ್ರಿ. ನಾ ಕೈ ಹಚ್ಚಂಗಿಲ್ಲ" ಎಂದು ನನಗೆ ಮೂಟೆ ತೋರಿಸಿ ಒಳಗೆ ಹೋದಳು. ಮೂಟೆಯನ್ನು ಒಂದೊಂದೇ ಮೆಟ್ಟಿಲು ಎಳೆದೆ. ಅರ್ಧದಲ್ಲಿ ಕುಳಿತು ಉಸಿರು ತಗೊಂಡೆ. ಅವಳು ಇನ್ನೂ ಮಾತಾಡಿಸಿಲ್ಲ. ಆದರೆ ನಿನ್ನೆ ಮಣ್ಣು ನೆನೆಹಾಕಿದ್ದಾಳೆ.